ಪಿತ್ತಕೋಶದ ದೂರು

ಹೋಟೆಲ್ ಮಾಲೀಕ ವಾದಿರಾಜಯ್ಯನ ಪಿತ್ತಕೋಶ ಕಲ್ಲು ಸಿಕ್ಕಿಕೊಂಡು ಬಾತುಹೋಗಿತ್ತು. ಅದು ಬಲ ಪಕ್ಕೆಯ ಕೆಳಗೆ ನೋವಿನಿಂದ ಕೂಗಿಕೊಂಡಾಗಲೆಲ್ಲ ಅವನು "ಗ್ಯಾಸ್ಟ್ರಿಕ್ಕು" ಎಂದು ಸೋಡಾ ಕುಡಿಯುತ್ತಿದ್ದ.

"ಉರಿಯುತ್ತಿರುವುದು ನಾನು, ಉಪಚಾರ ನಿನಗೆ!" ಎಂದು ಪಿತ್ತಕೋಶ ಜಠರವನ್ನು ಬೈಯಿತು.

ಜಠರ ತೇಗಿ ಹೇಳಿತು: "ಈ ಊರಲ್ಲಿ ಯಾರು ಅತ್ತರೂ ಹೆಸರು ನನ್ನದೇ. ಸುಮ್ಮನಿರು."

ಕೊನೆಗೆ ಜ್ವರವೂ ಬಂದು ಅವನು ಆಸ್ಪತ್ರೆ ಸೇರಿದ. ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಹಿಡಿಕೆಯನ್ನು ಆಡಿಸಿದರು. ಪಿತ್ತಕೋಶದ ಮೇಲೆ ಒತ್ತಿದ್ದೇ ತಡ, ವಾದಿರಾಜಯ್ಯ ಕಿರುಚಿದ.

"ಕಲ್ಲಿದೆ, ಗೋಡೆ ಬಾತಿದೆ. ಜಠರದ ತಪ್ಪೇನೂ ಇಲ್ಲ," ಎಂದಿತು ಹಿಡಿಕೆ.

ಇನ್ನಾದರೂ ತನ್ನ ಹೆಸರು ಬಂದೀತೆಂದು ಪಿತ್ತಕೋಶ ಕಾದಿತು.

ಡಾಕ್ಟರು ಪರದೆಯ ಮೇಲೆ ಕಲ್ಲನ್ನು ತೋರಿಸಿದಾಗ ವಾದಿರಾಜಯ್ಯ ನೋಡಿ ಕೇಳಿದ: "ಡಾಕ್ಟ್ರೇ, ಗ್ಯಾಸು ಗಟ್ಟಿಯಾಗಿ ಆ ಕಲ್ಲಾಗಿದ್ದಲ್ವಾ?"

ಅಂದು ಪಿತ್ತಕೋಶಕ್ಕೇ ಪಿತ್ತ ನೆತ್ತಿಗೇರಿತು.