ತಿಕ್ಕಿದ ಹುಣಸಿ ಬೀಜ

“ಈ ಸಲ ಒಂದು ಮಾತೂ ಸುಳ್ಳಿಲ್ಲ. ಬೇಕಾದ್ರ ಹೊಳ್ಯಾಗ ನಿಂತು ಹೇಳ್ತೀನಿ,” ಅಂದ್ರು ಗುರುಗಳು. ಹೊಳಿಗೆ ಇಳಿಯೋ ತ್ರಾಣ ಮಾತ್ರ ಇರಲಿಲ್ಲ. ಕಟ್ಟಿ ಮ್ಯಾಲೆ ಕುಂತಲ್ಲೇ ಕಾಲು ಚಾಚಿದ್ರು.

ಶಿಷ್ಯ ಮುರಿಗೆಪ್ಪ ಆಕಳಿಸಿದ. ಅವಗ ಕತಿ ಬೇಕಾಗಿರಲಿಲ್ಲ, ಹೌದು ಇಲ್ಲಂದ್ರ ಅಲ್ಲ ಅನ್ನೋ ಒಂದು ಮಾತು ಬೇಕಾಗಿತ್ತು.

ಅವನ ಅವ್ವ ಎಮ್ಮಿ ಮಾರಿದ್ಲು. ಮಂಗಳವಾರದ ಸಂತ್ಯಾಗ ಹೊಸಾ ಎಮ್ಮಿ ತರಬೇಕು. ನಡುವ ಆ ರೊಕ್ಕ ಮುರಿಗೆಪ್ಪನ ಫೋನ್ ಹೊಕ್ಕು, ಯಾವುದೋ ಕ್ರಿಪ್ಟೊ ಕ್ಯಾಸಿನೊದ ಟೋಕನ್ ಆಗಿತ್ತು. ಸ್ಟೇಕ್ ಮಾಡು ಅಂತ ಒಂದು ಬಟನ್ ಕರೀತಿತ್ತು. ಒತ್ತಿದ್ರ ಟೋಕನ್‌ಗೆ ಒಂದು ವರ್ಷ ಕೀಲಿ, ಅಲ್ಲೀತನಕ ಮಾರಾಕ ಬರಂಗಿಲ್ಲ.

“ನಾ ಜೂಜು ಆಡಂಗಿಲ್ರಿ ಅಜ್ಜಾರ. ಆಡೋರು ಬ್ಯಾರೆ. ಟೋಕನ್ ಒಂದು ವರ್ಷ ಕೀಲಿ ಹಾಕಿ ನನ್ನ ಹಂತ್ಯಾಕ ಇರ್ತಾವ, ಅಷ್ಟ. ಇದು ಹೂಡಿಕಿ ಹೌದೋ ಅಲ್ಲೋ?”

“ನಾನೂ ಹರೇದಾಗ ಇಸ್ಪೀಟ್ ಎಲಿ ಮುಟ್ಟಿದಾವಲ್ಲ, ತಮ್ಮಾ. ಆಡೋರಿಗೆ ಒಬ್ಬಾಂವ ಚಾಪಿ ಹಾಸ್ತಿದ್ದ, ಅವನ ಕಡೆ ಪಾಲು ತಗೊಂಡಿದ್ದೆ.”

“ಪಾಲು ಅಂದ್ರ?”

“ನಾ ಅವಗ ರೊಕ್ಕ ಕೊಟ್ಟೆ. ಅಂವ ನನಗ ಹುಣಸಿ ಬೀಜ ಕೊಟ್ಟ. ಯಾರೂ ಕಳ್ಳ ಬೀಜ ಸೇರಸಬಾರದು ಅಂತ ಒಂದೊಂದನ್ನೂ ಕಲ್ಲಿಗೆ ತಿಕ್ಕಿ ಅರ್ಧ ಮಾಡಿದ್ದ, ಚೌಕಾಬಾರಕ್ಕ ಮಾಡ್ತಾರಲ್ಲ, ಹಂಗ.”

“ಲಾಭ ಬಂತೇನ್ರಿ?”

“ವಾರಾ ವಾರಾ ಬಂತು.”

ಮುರಿಗೆಪ್ಪ ನೆಟ್ಟಗ ಕುಂತ. “ಎಷ್ಟ್ರಿ?”

“ಸೇರುಗಟ್ಟಲೆ. ಹುಣಸಿ ಬೀಜ.”

ಮುರಿಗೆಪ್ಪನ ಫೋನಿನಾಗೂ ಟೋಕನ್‌ಗೆ ಟೋಕನ್ನೇ ಹುಟ್ಟತಿದ್ವು. ಅಂವ ಫೋನ್ ಬೋರಲು ಹಾಕಿದ.

“ಮಾರಿಬಿಡಬೇಕಿತ್ತಲ್ರಿ.”

“ಮಾರಾಕ ಸಂತಿಗೆ ಹೋದೆ. ಅಲ್ಲಿ ನಿಂತವ್ರೆಲ್ಲಾ ನನ್ನಂಗ ಮಾರಾಕ ಬಂದವ್ರು. ಒಬ್ಬಾಂವ ಮಾತ್ರ, ಮಾರಬ್ಯಾಡ ಹುಚ್ಚಾ, ಇನ್ನೂ ಏರ್ತಾವ ಅಂದ.”

“ಯಾರಂವ?”

“ಸಾಲಿನಾಗ ನನಗಿಂತ ಮುಂದ ನಿಂತಿದ್ದಾಂವ.”

ಮುರಿಗೆಪ್ಪ ಮುಖ ಒರಸಿಕೊಂಡ. ನಾಕು ದಿನದಿಂದ ಅವನ ಕಣ್ಣಿಗೆ ನಿದ್ದಿ ಹತ್ತಿರಲಿಲ್ಲ. “ಆಮ್ಯಾಲೆ?”

“ಆಮ್ಯಾಲೇನು. ಬೀಜನೆಲ್ಲಾ ಮಠದ ಹಿತ್ತಲದಾಗ ಬಿತ್ತಿದೆ. ಮೂರ ದಿನಕ್ಕ ಮರ ಆದ್ವು. ನಾಕನೇ ದಿನ ಹಣ್ಣು. ಹೊರಾಕ ಆಳು ಸಾಲದ್ದಕ್ಕ ಎರಡು ಆನಿ ತರಿಸಿದೆ.”

ದಣಿದಿದ್ರೂ ಮುರಿಗೆಪ್ಪಗ ನಗು ಬಂತು. “ಹೋಗ್ರಿ ಅಜ್ಜಾರ, ಎಂಥಾ ಸುಳ್ಳು. ಆನಿ ಇರಲಿ, ಮೂರು ದಿನಾನೂ ಇರಲಿ. ತಿಕ್ಕಿ ಅರ್ಧ ಮಾಡಿದ ಬೀಜ ಎಲ್ಲ್ಯಾರ ಮೊಳಕಿ ಒಡಿತಾವ?”

“ಒಡಿಯಂಗಿಲ್ಲೇನು?”

“ಒಡಿಯಂಗಿಲ್ರಿ.”

ಗುರುಗಳು ಕಣ್ಣು ಮುಚ್ಚಿ ಗ್ವಾಡಿಗೆ ಆತುಕೊಂಡು ಕೇಳಿದ್ರು.

“ಒಂದು ವರ್ಷ ಕೀಲಿ ಹಾಕಿ ಇಟ್ರ?”