ಬೋಳು ಹುಲಿಯ ಬಿಲ್ಲೆ

"ಗುರುಗಳೇ, ಒಬ್ಬನ ಮಾತು ನಿಜವೋ ಸುಳ್ಳೋ ನನಗೆ ತಿಳಿಯದು. ತಿಳಿಯದೆಯೇ ಅವನ ಪರವಾಗಿ ನಿಲ್ಲಬಹುದೇ?"

ಕೇಳಿದವನು ನಾಗಲಿಂಗ. ಎರಕದ ಮನೆಯಲ್ಲಿ ಅವನ ಜೊತೆ ಕೆಲಸ ಕಲಿಯುತ್ತಿದ್ದ ದೇವೇಂದ್ರನ ಮೇಲೆ ಕಳವಿನ ಮಾತು ಬಂದಿತ್ತು. ರಿಪೇರಿಗೆಂದು ದೇವರ ಕಿರೀಟದಿಂದ ಬಿಚ್ಚಿಟ್ಟಿದ್ದ ಬೆಳ್ಳಿಯ ಪಟ್ಟಿ ಕಾಣೆಯಾಗಿತ್ತು. ತಾನು ಮುಟ್ಟಿಲ್ಲ ಎಂದು ದೇವೇಂದ್ರ ಹೇಳುತ್ತಿದ್ದ. ನೋಡಿದವರು ಯಾರೂ ಇರಲಿಲ್ಲ. ಅಲ್ಲಿಯ ಕಟ್ಟಳೆಯಂತೆ ಜೊತೆಗಾರನೊಬ್ಬ ತನ್ನ ಸುತ್ತಿಗೆಯನ್ನು ಕಟ್ಟೆಯ ಮೇಲಿಟ್ಟು ಜಾಮೀನು ನಿಂತರೆ ದೇವೇಂದ್ರ ಉಳಿಯುತ್ತಿದ್ದ. ಮಾತು ಸುಳ್ಳಾದರೆ ಸುತ್ತಿಗೆ ಇಟ್ಟವನೂ ಕಸುಬು ಬಿಟ್ಟು ಹೋಗಬೇಕು. ಹಿರಿಯರು ಆ ಸಂಜೆಯೇ ಸೇರುವವರಿದ್ದರು.

ಗುರುಗಳು ಕುಲುಮೆಯ ಬೆಂಕಿ ಕೆದಕಿದರು. ಅವರ ಹೆಸರು ಮೌನಾಚಾರ್ಯ. ಆ ಹೆಸರಿಗೂ ಅವರ ಬಾಯಿಗೂ ಎಂದೂ ಭೇಟಿಯಾಗಿರಲಿಲ್ಲ. ಅವರು ಹೇಳಿದರು:

ದಂಡು ಬಿಡಾರ ಹೂಡಿದ್ದ ಒಂದು ಊರಿನಲ್ಲಿ ಒಬ್ಬ ಕೆಲಸಗಾರನಿದ್ದ. ಸಿಪಾಯಿಗಳ ಟೋಪಿಯ ಹಿತ್ತಾಳೆ ಬಿಲ್ಲೆಗಳನ್ನು ಮನೆಯ ಜಗಲಿಯಲ್ಲೇ ಕೂತು ಸರಿಮಾಡುವುದು ಅವನ ಕಸುಬು. ನಮ್ಮವನೇ ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ: ಅವನು ಒಪ್ಪ ಹಾಕಿದ ಬಿಲ್ಲೆಯನ್ನು ಬಿಸಿಲಿಗಿಟ್ಟರೆ ಊರಿನ ಹುಂಜಗಳು ಮತ್ತೊಮ್ಮೆ ಬೆಳಗಾಯಿತೆಂದು ಕೂಗುತ್ತಿದ್ದವು. ಅವನ ಸುತ್ತಿಗೆಯ ಸದ್ದಿಗೆ ಪಕ್ಕದ ಮನೆಯ ತೊಟ್ಟಿಲ ಮಗು ಏಳುತ್ತಿರಲಿಲ್ಲ, ನಿದ್ದೆ ಹೋಗುತ್ತಿತ್ತು. ಹೀಗೆಂದು ಅವನೇ ಹೇಳುತ್ತಿದ್ದ. ಬೇರೆಯವರು ಹೇಳಲು ಅವನು ಸಂದು ಕೊಡುತ್ತಿರಲಿಲ್ಲ.

ಒಮ್ಮೆ ಅವನ ಬಳಿಗೆ ಒಬ್ಬ ಮುದುಕ ಬಂದ. ಹಳೆಯ ಸಿಪಾಯಿ. ಗಾಡಿಯ ಗಾಲಿಗೆ ಸಿಕ್ಕಿ ಮಡಚಿಹೋದ ಬಿಲ್ಲೆಯೊಂದನ್ನು ತಂದಿದ್ದ. ಹಿಂಬದಿಯ ಕೊಂಡಿ ಮುರಿದಿತ್ತು. ಮುಂಬದಿಯಲ್ಲಿ ಒಂದು ಕಾಲಕ್ಕೆ ಹುಲಿಯಿತ್ತಂತೆ. ಅವನಿದ್ದ ದಂಡಿನ ಪಟಾಲಮ್ಮಿನವರು ದಿನಾ ಬೆಳಿಗ್ಗೆ ಹುಣಸೆಹಣ್ಣು, ಬೂದಿ ಹಾಕಿ ಬಿಲ್ಲೆ ಉಜ್ಜದೆ ಸಾಲಿಗೆ ನಿಲ್ಲುವಂತಿರಲಿಲ್ಲ. ಉಜ್ಜಿ ಉಜ್ಜಿ ಹುಲಿ ಬೆಕ್ಕಾಗಿ, ಬೆಕ್ಕು ಕುಂಬಳದ ಬೀಜವಾಗಿ ಉಳಿದಿತ್ತು.

ಪಟಾಲಮ್ಮಿನ ಹಳಬರೆಲ್ಲ ಮೈದಾನದಲ್ಲಿ ಸೇರುವ ದಿನ ಹತ್ತಿರವಿತ್ತು. ಅಂದು ಸತ್ತವರ ಹೆಸರು ಕೂಗುತ್ತಾರೆ; ಅವರ ತುಕಡಿಯವರು ಸಾಲಿನಲ್ಲಿ ನಿಂತು ಓಗೊಡಬೇಕು. ಮುದುಕನ ತುಕಡಿಯಲ್ಲಿ ಅವನೊಬ್ಬನೇ ಉಳಿದಿದ್ದ. ಅವನು ನಿಲ್ಲದಿದ್ದರೆ ಆ ಹೆಸರುಗಳಿಗೆ ಓಗೊಡುವವರೇ ಇಲ್ಲ. ಬಹಳ ವರ್ಷ ದೂರದ ಊರಿನಲ್ಲಿದ್ದುದರಿಂದ ಅವನ ಮುಖ ಗುರುತಿಸುವವರೂ ಇಲ್ಲ. ಕಾಗದಪತ್ರ ಹೊಳೆಯ ಪಾಲಾಗಿತ್ತು. ಬಿಲ್ಲೆಯೊಂದೇ ಅವನ ಸಾಕ್ಷಿ. ನೆಟ್ಟಗೆ ಮಾಡಿ ಕೊಂಡಿ ಬೆಸೆದು ಕೊಡಪ್ಪ, ಬೇರೇನೂ ಬೇಡ ಎಂದು ಹೇಳಿ ಹೋದ.

ಕೆಲಸಗಾರ ನೆಟ್ಟಗೆ ಮಾಡಿದ. ಕೊಂಡಿ ಬೆಸೆದ. ಅಲ್ಲಿಗೆ ಅವನ ಕೈ ನಿಲ್ಲಲಿಲ್ಲ. ಬಿಲ್ಲೆಯನ್ನು ಅರಗಿನ ಮೇಲೆ ಕೂರಿಸಿ, ಚಾಣವೆಂಬ ಸಣ್ಣ ಉಳಿ ಹಿಡಿದು, ಹುಲಿಯನ್ನು ಮತ್ತೆ ಎಬ್ಬಿಸಿದ. ಪಟ್ಟೆ ಬಂತು, ಮೀಸೆ ಬಂತು, ಕಣ್ಣು ಬಂತು. ಬೀದಿಯ ನಾಯಿ ಅವನ ಜಗಲಿ ಹತ್ತುವುದನ್ನೇ ಬಿಟ್ಟಿತು. ಇಂಥ ಹುಲಿಯನ್ನು ಮನೆಯಲ್ಲೇ ಕೊಟ್ಟುಬಿಟ್ಟರೆ ನೋಡುವವರು ಯಾರು? ಅವನು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮೈದಾನಕ್ಕೇ ತಂದು ಕೊಡುತ್ತೇನೆಂದು ಮುದುಕನಿಗೆ ಹೇಳಿಕಳುಹಿಸಿದ.

ಆ ದಿನ ಬಂತು. ಮುದುಕ ಸಾಲಿನ ಕೊನೆಯಲ್ಲಿ ಬರಿದಾದ ಟೋಪಿ ಹಿಡಿದು ಕಾಯುತ್ತಿದ್ದ. ಹಳಬರ ಮುಂದಾಳು ಒಬ್ಬ ಸುಬೇದಾರ. ಅವನು ಒಬ್ಬೊಬ್ಬರ ಬಿಲ್ಲೆಯ ಮೇಲೂ ಹೆಬ್ಬೆರಳು ಆಡಿಸುತ್ತ ಬರುತ್ತಿದ್ದ. ಹಿಂದಿನ ವರ್ಷ ಯಾರೋ ಸಂತೆಯಲ್ಲಿ ಬಿಲ್ಲೆ ಕೊಂಡು ತಂದು, ಸತ್ತವರ ಹೆಸರಿಗೆ ಓಗೊಟ್ಟು, ಊಟ ಹೊಡೆದು ಹೋಗಿದ್ದ. ಅಂಥವನು ಮತ್ತೆ ಸಿಕ್ಕರೆ ಪೊಲೀಸರಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ಕೆಲಸಗಾರ ಬಂದು ಬಟ್ಟೆಯ ಗಂಟನ್ನು ಕೈಗಿಟ್ಟ. ಮುದುಕ ಬಿಚ್ಚಿದ. ಹಿಂದುಮುಂದು ತಿರುಗಿಸಿ ನೋಡಿದ.

"ಇದು ಯಾರದಪ್ಪಾ?" ಎಂದ, ಮೆಲ್ಲಗೆ.

ಉತ್ತರ ಹೇಳುವಷ್ಟು ಹೊತ್ತಿರಲಿಲ್ಲ. ಸುಬೇದಾರ ಬಂದೇಬಿಟ್ಟ. ಅವನ ಹೆಬ್ಬೆರಳು ಹುಲಿಯ ಮೀಸೆಗೆ ತಾಕಿ ನಿಂತಿತು. ಹಳಬರ ಬಿಲ್ಲೆಗೆ ಮೀಸೆ ಇರುವುದಿಲ್ಲವಲ್ಲ ಯಜಮಾನರೇ ಎಂದ. ಈ ಹುಲಿಗೆ ಇನ್ನೂ ಹಾಲುಹಲ್ಲೇ ಬಿದ್ದಿಲ್ಲ ಎಂದು ಸಾಲಿನಲ್ಲಿ ಯಾರೋ ಅಣಕಿಸಿದರು. ನಗು ಈ ತುದಿಯಿಂದ ಆ ತುದಿಗೆ ಹೋಯಿತು. ಗೇಟಿನ ಬಳಿ ನಿಂತಿದ್ದ ಇಬ್ಬರು ಪೊಲೀಸರು ಹತ್ತಿರ ಬಂದರು.

ಕೆಲಸಗಾರ ನಡುವೆ ನುಗ್ಗಿದ. ಬೋಳಾಗಿದ್ದ ಬಿಲ್ಲೆಗೆ ಹುಲಿ ಕೆತ್ತಿದವನು ತಾನು, ಮುದುಕ ಕೇಳಿರಲಿಲ್ಲ, ತಪ್ಪು ತನ್ನದು ಎಂದ. ಕಳ್ಳರು ಜೋಡಿಯಾಗಿಯೇ ಬರುತ್ತಾರೆ ಎಂದರು ಸಾಲಿನವರು. ಬೋಳು ಬಿಲ್ಲೆಯಲ್ಲಿ ಹುಲಿ ಎಬ್ಬಿಸುವಂಥ ಗಂಡು ಯಾವ ಊರಿನಲ್ಲಿದ್ದಾನೆ ಎಂದರು. ಹಾಗಾದರೆ ಒಂದು ಬೋಳು ಬಿಲ್ಲೆ ಕೊಡಿ, ಇಲ್ಲೇ ಮಾಡಿ ತೋರಿಸುತ್ತೇನೆ ಎಂದ ಕೆಲಸಗಾರ.

ನಗು ನಿಂತಿತು. ಕೈಗಳೆಲ್ಲ ಟೋಪಿಗೆ ಹೋಗಿ ಬಿಲ್ಲೆಗಳನ್ನು ಮುಚ್ಚಿಕೊಂಡವು. ಚಾಣ ಮುಟ್ಟಿದ ಬಿಲ್ಲೆ ಮತ್ತೆ ಅಷ್ಟು ನುಣುಪಾಗಬೇಕಾದರೆ ಇನ್ನೊಂದು ಆಯುಷ್ಯ ಬೇಕು.

ಆಗ ಮುದುಕ ಬಾಯಿ ತೆರೆದ. "ಬೇಡ, ಸುಬೇದಾರ್ ಸಾಹೇಬರೇ. ಹಾಳಾದದ್ದು ನನ್ನದೊಂದೇ ಸಾಕು. ನನ್ನನ್ನು ಹೊರಗೆ ಕಳಿಸಿ. ನನ್ನ ತುಕಡಿಯವರ ಹೆಸರು ಬಂದಾಗ ನಿಮ್ಮಲ್ಲೇ ಯಾರಾದರೂ ಓಗೊಡಿ."

ಸುಬೇದಾರ ಅವನನ್ನೇ ನೋಡಿದ. ಆಮೇಲೆ ತನ್ನ ಟೋಪಿ ತೆಗೆದ. ಬಿಲ್ಲೆ ಕಳಚಿ ಕೆಲಸಗಾರನ ಅಂಗೈಯಲ್ಲಿಟ್ಟ. ಅದರ ಮೇಲೆ ಹುಲಿಯ ಗುರುತೂ ಉಳಿದಿರಲಿಲ್ಲ.

"ಒಂದು ಕಣ್ಣು ಸಾಕು" ಎಂದ.

ಕೆಲಸಗಾರ ಬಾವುಟದ ಕಟ್ಟೆಯ ಮೇಲೆ ತನ್ನ ಚರ್ಮದ ಚೀಲ ಹಾಸಿ ಬಿಲ್ಲೆ ಇಟ್ಟ. ಚಾಣದ ತುದಿ ಊರಿದ. ಸುತ್ತಿಗೆ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಚಾಣ ಕೂದಲೆಳೆ ಜಾರಿದರೂ ಇಬ್ಬರ ಮಾನ ಹೋಗುತ್ತದೆ, ಮೂರನೆಯವನ ಬಿಲ್ಲೆ ಹೋಗುತ್ತದೆ. ಹೊಡಿ ಎಂದ ಸುಬೇದಾರ.

ಹೊಡೆದ. ಕಣ್ಣು ಬಂತು.

ಸುಬೇದಾರ ಒಂದು ಹೆಬ್ಬೆರಳನ್ನು ಆ ಕಣ್ಣಿನ ಮೇಲೆ, ಇನ್ನೊಂದನ್ನು ಮುದುಕನ ಹುಲಿಯ ಕಣ್ಣಿನ ಮೇಲೆ ಇಟ್ಟು ನೋಡಿದ. ಒಂದೇ ಕೈಯ ಕೆಲಸ. ಮುದುಕನ ತೋಳು ಹಿಡಿದು ಸಾಲಿಗೆ ಸೇರಿಸಿದ. ಒಕ್ಕಣ್ಣಿನ ಬಿಲ್ಲೆಯನ್ನು ಟೋಪಿಗೆ ಸಿಕ್ಕಿಸಿಕೊಂಡು ಹೆಸರು ಕೂಗಲು ಹೋದ. ಮುದುಕನ ತುಕಡಿಯವರ ಹೆಸರುಗಳು ಬಂದವು. ಒಂದೊಂದಕ್ಕೂ ಅವನು ಓಗೊಟ್ಟ.

ಮೌನಾಚಾರ್ಯರು ಕತೆ ನಿಲ್ಲಿಸಿದರು. ನಾಗಲಿಂಗ ಯೋಚಿಸಿದ. ಅವನು ಜಾಣ, ಕತೆಯಲ್ಲಿ ಒಂದು ಬಿರುಕು ಕಂಡಿತು.

"ಗುರುಗಳೇ, ಆ ಕಣ್ಣಿನಿಂದ ಗೊತ್ತಾದದ್ದು ಕೆಲಸಗಾರನ ಕೈಚಳಕ ಅಷ್ಟೇ. ಬೋಳು ಬಿಲ್ಲೆಯೂ ಸಂತೆಯಲ್ಲಿ ಸಿಗುತ್ತದೆ. ಮುದುಕ ಆ ಪಟಾಲಮ್ಮಿನವನೇ ಎಂದು ಅದರಿಂದ ಗೊತ್ತಾಗಲಿಲ್ಲವಲ್ಲ?"

ಗುರುಗಳು ಹೇಳಿದರು:

"ಕಣ್ಣಿನಿಂದ ಗೊತ್ತಾಗಲಿಲ್ಲ. ನನ್ನನ್ನು ಹೊರಗೆ ಕಳಿಸಿ, ಆ ಹೆಸರುಗಳಿಗೆ ಓಗೊಡಿ ಎಂದು ಮುದುಕ ಬೇಡಿದಾಗಲೇ, ತನ್ನ ಟೋಪಿ ತೆಗೆಯುವ ಮೊದಲೇ, ಸುಬೇದಾರನಿಗೆ ಅದು ತಿಳಿದಿತ್ತು."