ಮುಂಚೆ ಬರುವ ಅಕ್ಷರ

“ಗುರುಗಳೇ, ಚಿತ್ರದ ಮೂಲೆಯಲ್ಲಿ ನನ್ನ ಹೆಸರನ್ನು ಸಣ್ಣದಾಗಿ ಹಾಕಲೇ?” ಎಂದು ನಿಜಗುಣ ಕೇಳಿದ.

ಧಾರವಾಡದ ಒಂದು ಓಣಿಯಲ್ಲಿ ಹಾಲಯ್ಯ ಗುರುಗಳು ಹಳೆಯ ವಿಡಿಯೊಗಳನ್ನು ಹೊಸ ಯಂತ್ರಗಳಿಗೆ ಒಗ್ಗಿಸಿ ಕೊಡುವ ಅಂಗಡಿ ಇಟ್ಟಿದ್ದರು. ನಿಜಗುಣ ಎರಡು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದ. ಅಂದು ಮೊದಲ ಬಾರಿಗೆ ಒಂದು ಇಡೀ ಚಿತ್ರವನ್ನು ಹೊಸ ಯಂತ್ರಕ್ಕೆ ಒಗ್ಗಿಸಿ ಮುಗಿಸಿದ್ದ. ಧ್ವನಿಯೂ ಅಡಿಬರಹವೂ ಮೊದಲಿದ್ದಂತೆಯೇ ಉಳಿದಿದ್ದವು. ಅವನ ಸಂಕಟವೂ ಅದೇ ಆಗಿತ್ತು.

“ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೇನೆ. ನೋಡಿದವರಿಗೆ ನಾನು ಏನಾದರೂ ಮಾಡಿದ್ದೇನೆ ಎಂದೇ ಗೊತ್ತಾಗುವುದಿಲ್ಲ. ನನ್ನ ಗುರುತು ಎಲ್ಲಿ ಉಳಿಯಿತು?”

ಗುರುಗಳು ಯಂತ್ರಕ್ಕೆ ಹೊದಿಸುವ ಬಟ್ಟೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಹೆಸರು ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಕಸೂತಿಗಾರ್ತಿ ಇದ್ದಳು. ಅವಳ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ತನ್ನ ಕೈಯಲ್ಲಿರುವ ವಿದ್ಯೆ ಮಗಳ ಕೈಗೆ ಹೇಗೆ ಹೋದೀತು ಎಂಬುದೊಂದೇ ತಾಯಿಯ ಚಿಂತೆ. ಕಸೂತಿ ಎಂದರೆ ಹುಡುಗಾಟವಲ್ಲಪ್ಪಾ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗೆರೆ ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲೇ ಸೂಜಿ ತಿರುಗಿ ಬಂದು, ಬಿಟ್ಟ ಜಾಗವನ್ನೆಲ್ಲ ತುಂಬಬೇಕು.

ತಾಯಿ ತಾನು ಗೋಪುರದ ಚಿತ್ತಾರ ಹೊಲಿಯುವುದನ್ನು ವಿಡಿಯೊ ಮಾಡಿಸಿದಳು. ಬಾಯಲ್ಲಿ ಹೇಳುತ್ತ ಹೇಳುತ್ತ ಹೊಲಿದಳು. ಆಮೇಲೆ ಐವತ್ತೈದನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತು, ಆಡಿದ ಒಂದೊಂದು ಮಾತಿಗೂ ತಾನೇ ಅಡಿಬರಹ ಕೂಡಿಸಿದಳು. ಭಲೇ ಹೆಂಗಸು! ಕೆಲವು ವರ್ಷಗಳ ಮೇಲೆ ತೀರಿಕೊಂಡಳು. ಅವಳು ಹಿಡಿದಿದ್ದ ಒಂದು ಇಳಕಲ್ ಸೀರೆ ಅರ್ಧಕ್ಕೆ ನಿಂತಿತು. ಸೆರಗಿನ ಗೋಪುರಕ್ಕೆ ತುದಿ ಇರಲಿಲ್ಲ.

ಆ ತುದಿಯನ್ನು ತಾನೇ ಮುಗಿಸಬೇಕೆಂದು ಮಗಳು ಹಟ ಹಿಡಿದಳು. ಅಷ್ಟರಲ್ಲಿ ಮನೆಯ ಹಳೆಯ ಟಿವಿ ಕೆಟ್ಟಿತು. ಹೊಸದರಲ್ಲಿ ಅವ್ವನ ವಿಡಿಯೊ ಹಾಕಿದರೆ ಚಿತ್ರವೇ ಬರಲಿಲ್ಲ. ಕಪ್ಪು ತೆರೆಯ ಮೇಲೆ ಅಕ್ಷರಗಳು ಮಾತ್ರ ಹಾದುಹೋದವು. ಚಿತ್ರವನ್ನು ಮಡಚಿಡುವ ರೀತಿಗೆ ಕೋಡೆಕ್ ಎನ್ನುತ್ತೇವಲ್ಲ, ಆ ಹಳೆಯ ಮಡಿಕೆಯನ್ನು ಬಿಚ್ಚಲು ಹೊಸ ಟಿವಿಗೆ ಬರುತ್ತಿರಲಿಲ್ಲ. ಅವಳು ಪೆನ್‌ಡ್ರೈವ್ ಹಿಡಿದುಕೊಂಡು ಒಬ್ಬ ವಿಡಿಯೊ ಕೆಲಸದವನ ಹತ್ತಿರ ಬಂದಳು.

ಅವನು ಜಾಣ. ತಾನು ಜಾಣ ಎಂದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಚಿತ್ರದ ಕೋಡೆಕ್ ಬದಲಿಸಿದ. ಅಷ್ಟಕ್ಕೆ ಕೈ ಸುಮ್ಮನಿರಬೇಕಲ್ಲ! ಅಡಿಬರಹ ಎಲ್ಲ ಕಡೆಯೂ ಮಾತಿಗಿಂತ ಮೂರು ಸೆಕೆಂಡು ಮುಂಚೆ ಬರುತ್ತಿತ್ತು. ‘ಪಾಪ, ಮುದುಕಿಗೆ ತಿಳಿದಿಲ್ಲ’ ಎಂದುಕೊಂಡು ಎಲ್ಲವನ್ನೂ ಹಿಂದಕ್ಕೆ ಸರಿಸಿ ಮಾತಿಗೆ ಸರಿಯಾಗಿ ಕೂರಿಸಿದ. ಕಿವಿ ಕೇಳದವಳಿಗೆ ಧ್ವನಿ ಯಾಕೆ ಎಂದು ಅದನ್ನು ತೆಗೆದೇ ಹಾಕಿದ. ಫೈಲು ಹಗುರವಾಯಿತು. ಹಳೆಯದನ್ನು ಪೆನ್‌ಡ್ರೈವಿನಿಂದಲೂ ತನ್ನ ಯಂತ್ರದಿಂದಲೂ ಅಳಿಸಿ, ಇಂಥ ಕೆಲಸ ಊರಲ್ಲಿ ಇನ್ನಾರು ಮಾಡಿಯಾರು ಎಂದು ಮೀಸೆ ತಿರುವಿದ.

ವಾರಕ್ಕೆ ಅವಳು ಮರಳಿ ಬಂದಳು. ಮುಖ ಕೆಂಪಗಾಗಿತ್ತು. ಒಂದು ಚೀಟಿ ಬರೆದು ಅವನ ಮುಂದೆ ಇಟ್ಟಳು. ‘ಅಕ್ಷರ ಓದಿ ಕಣ್ಣು ಎತ್ತೂದ್ರಾಗ ಅವ್ವನ ಸೂಜಿ ಮುಂದ ಹೋಗಿರ್ತದ. ಮೊದಲ ಹಿಂಗ ಇರಲಿಲ್ಲ. ಏನ ಮಾಡೀರಿ?’

ಅವನು ನಗುತ್ತ ಅದರ ಕೆಳಗೇ ಬರೆದ. ‘ಅಕ್ಕಾರ, ಮೊದಲ ಇದ್ದದ್ದು ತಪ್ಪು. ನಾನು ಸರಿ ಮಾಡೀನಿ.’

ಅವಳು ಪೆನ್ನು ಕಸಿದುಕೊಂಡಳು. ‘ತಪ್ಪಲ್ಲ. ಮಗಳು ಮೊದಲ ಓದಲಿ, ಆಮ್ಯಾಲೆ ಕೈ ನೋಡಲಿ ಅಂತ ನನ್ನವ್ವ ಮುದ್ದಾಂ ಬೇಕಂತನ ಹಂಗ ಇಟ್ಟಿದ್ಲು. ಮತ್ತ ಧ್ವನಿ ಎಲ್ಲಿ? ನನಗ ಕೇಳೂದಿಲ್ಲ ಖರೆ. ನನ್ನ ಹತ್ರ ಕಲಿಯಾಕ ಬರೂ ಹೆಣ್ಣಮಕ್ಕಳಿಗೆ ಕೇಳ್ತದ. ನನ್ನವ್ವ ಮೂಕಿ ಆಗಿದ್ದಿಲ್ಲ.’

ಓದಿದ ಮೇಲೆ ಅವನಿಗೆ ತನ್ನ ತಪ್ಪು ಹೊಳೆಯಿತು. ಮೂಲವೇ ಇಲ್ಲ! ಅಳಿಸಿದವನು ತಾನೇ. ತಾಯಿ ಇನ್ನೊಮ್ಮೆ ಬಂದು ಹೊಲಿದು ತೋರಿಸುವಂತಿಲ್ಲ. ಅವಳಿಗೆ ಕೂರಲು ಸನ್ನೆ ಮಾಡಿ, ಯಂತ್ರದ ಕಸದ ಬುಟ್ಟಿ ತೆರೆದ. ಅಳಿಸಿದ್ದೆಲ್ಲ ಕೆಲವು ದಿನ ಅದರಲ್ಲಿ ಬಿದ್ದಿರುತ್ತದೆ, ನಿನಗೆ ಗೊತ್ತಲ್ಲ. ಯಾರದೋ ಮದುವೆ, ಯಾರದೋ ತೊಟ್ಟಿಲ ಶಾಸ್ತ್ರ, ಎಲ್ಲದರ ಕೆಳಗೆ ಅದು ಇತ್ತು. ಹೋದ ಜೀವ ಬಂದಂತಾಯಿತು ಅವನಿಗೆ.

ಮತ್ತೆ ಮೊದಲಿಂದ ಶುರುಮಾಡಿದ. ಚಿತ್ರಕ್ಕೆ ಹೊಸ ಕೋಡೆಕ್. ಧ್ವನಿ ಇದ್ದ ಹಾಗೇ. ಅಡಿಬರಹವೂ ಇದ್ದ ಹಾಗೇ. ಯಂತ್ರಕ್ಕೆ ಇಷ್ಟೇ ಹೇಳಿದ. ಮುಂಚೆ ಬರುವ ಅಕ್ಷರ ಕಂಡಾಗಲೆಲ್ಲ ಅವನ ಬೆರಳು ತುರಿಸುತ್ತಿತ್ತು. ಕೈ ಕಟ್ಟಿ ಕೂತ. ಅಯ್ಯೋ, ಅಷ್ಟು ಕಷ್ಟದ ಕೆಲಸವನ್ನು ಅವನು ಅಲ್ಲಿಯವರೆಗೆ ಮಾಡಿರಲಿಲ್ಲ. ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಮೊದಲಿಂದ ಕೊನೆಯವರೆಗೆ ನೋಡಿದ. ಒಂದು ಮಾತು ಕಳೆದಿರಲಿಲ್ಲ, ಒಂದು ಅಕ್ಷರ ಸರಿದಿರಲಿಲ್ಲ.

ಅವಳು ಅಲ್ಲೇ ಕೂತು ಚೀಲದಿಂದ ಸೀರೆ ತೆಗೆದಳು. ಅಕ್ಷರ ಬಂತು, ಓದಿದಳು. ತಾಯಿಯ ಕೈ ಬಂತು, ನೋಡಿದಳು. ತನ್ನ ಸೂಜಿ ಹಾಕಿದಳು. ಗೋಪುರದ ತುದಿಯಲ್ಲಿ ಸೂಜಿ ಎಲ್ಲಿ ತಿರುಗಬೇಕೋ ಆ ಎಳೆ ಅವಳಿಗೆ ಸಿಕ್ಕಿತು. ಅವನ ಕಡೆ ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ಕೋಣೆಯಲ್ಲಿ ಅವಳ ಪಾಲಿಗೆ ಅವ್ವ ಒಬ್ಬಳೇ ಇದ್ದಳು. ಅದನ್ನು ಕಂಡು ಅವನಿಗೆ ಎಂಥ ಹೆಮ್ಮೆ ಬಂತು ಅಂತೀ, ನಿಜಗುಣ! ಮೀಸೆ ತಿರುವಿದ ದಿನ ಅದರ ಕಾಲು ಪಾಲೂ ಇರಲಿಲ್ಲ.

ತಿಂಗಳ ಮೇಲೆ ಅವಳು ಒಂದು ಕಪ್ಪು ಬಟ್ಟೆಗೆ ಅದೇ ಗೋಪುರ ಹಾಕಿ ತಂದು ಅವನ ಕೈಗೆ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನಿಗೆ ಸಮಾಧಾನವಾಗಿರಲಿಲ್ಲ.

“ಅಷ್ಟು ಮಾಡಿಯೂ ಅವನ ಗುರುತು ಎಲ್ಲೂ ಉಳಿಯಲಿಲ್ಲವಲ್ಲ, ಗುರುಗಳೇ.”

ಗುರುಗಳು ತೊಡೆಯ ಮೇಲಿನ ಬಟ್ಟೆಯನ್ನು ಬಿಡಿಸಿ ಅವನ ಮುಂದೆ ಹರಡಿದರು. ಕಪ್ಪು ಬಟ್ಟೆ, ಅದರ ಮೇಲೆ ಕೆಂಪು ದಾರದ ಗೋಪುರ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ನಿಜಗುಣ ಯಂತ್ರದ ಮೇಲಿಂದ ತೆಗೆಯುತ್ತಿದ್ದ ಬಟ್ಟೆಯೇ ಅದು.

“ಇದರಲ್ಲಿ ಗಂಟು ಹುಡುಕು” ಎಂದರು.

ನಿಜಗುಣ ಹುಡುಕಿದ. ತಿರುಗಿಸಿದ. ಹಿಂದೆಯೂ ಅದೇ ಗೋಪುರ. ಇನ್ನೊಮ್ಮೆ ತಿರುಗಿಸಿದ. ಮುಂದು ಯಾವುದು, ಹಿಂದು ಯಾವುದು ಎಂದೇ ತಿಳಿಯಲಿಲ್ಲ.

“ಸಿಗುತ್ತಿಲ್ಲ, ಗುರುಗಳೇ.”

ಗುರುಗಳು ಒಂದೇ ಮಾತು ಹೇಳಿದರು:

“ಗಂಟು ಸಿಗದಿರುವುದನ್ನು ನೋಡಿಯೇ, ಇದು ಯಾರ ಕೈಕೆಲಸ ಎಂದು ಧಾರವಾಡವೆಲ್ಲ ಹೇಳುತ್ತದೆ.”